ಮೂಲೆ ಕಂಪ್ಯೂಟರಿನ ಅತಿಥಿ

ಮತ್ತೆ ಕತ್ತು ಹಿಡಿದು ಹೊರಗೆ ದಬ್ಬಿದ್ರು.

ಇಂಗ್ರಿಡ್ ಥೋರ್ಸನ್ ತನ್ನ ಲ್ಯಾಪ್‌ಟಾಪನ್ನ ಹೇಗೆ ದುರುಗುಟ್ಟಿ ನೋಡಿದ್ಲು ಅಂದ್ರೆ, ಅದಕ್ಕೆ ಜೀವ ಇದ್ದಿದ್ರೆ ಅಲ್ಲೇ ಕಾಲಿಗೆ ಬಿದ್ದು ತಪ್ಪೊಪ್ಪಿಕೊಳ್ತಿತ್ತು. ಡೈರಿ ವಿಭಾಗದ ಮೂಲೆ ಕಂಪ್ಯೂಟರಲ್ಲಿ ಬೆಳಗ್ಗೆಯಿಂದ ಓಡ್ತಿದ್ದ ಅವಳ ಲೆಕ್ಕ ಅರ್ಧಕ್ಕೇ ಎದ್ದು ಬಂದು ಸಾಲಿನ ಬಾಲದಲ್ಲಿ ನಿಂತಿತ್ತು. ಮತ್ತೆ ಸೊನ್ನೆಯಿಂದ ಶುರು. ಅವಳ ಗೈಡ್ ಹುಡುಗನಾಗಿದ್ದಾಗ ಬರೆದ ಪ್ರೋಗ್ರಾಮು ಅದು. ನಡುವೆ ಎಬ್ಬಿಸಿದ್ರೆ ಎಲ್ಲೀವರೆಗೆ ಬಂದಿದ್ದೆ ಅನ್ನೋದನ್ನೇ ಮರೆತುಬಿಡುತ್ತೆ.

ಊರ ಕೆರೆ ಮುಂದಿನ ವರ್ಷಗಳಲ್ಲಿ ಯಾವಾಗ ಹೆಪ್ಪುಗಟ್ಟುತ್ತೆ, ಯಾವಾಗ ಕರಗುತ್ತೆ ಅನ್ನೋದು ಅವಳ ಥೀಸಿಸ್ಸು. ಇವತ್ತು ಶುಕ್ರವಾರ, ಸೋಮವಾರ ಕಮಿಟಿ. ಉತ್ತರ ಇಲ್ಲ ಅಂದ್ರೆ ಇನ್ನೊಂದು ವರ್ಷ ಇದೇ ಕುರ್ಚಿ, ಇದೇ ತಣ್ಣಗಾದ ಕಾಫಿ. ಲೆಕ್ಕ ಮುಗಿಯೋಕೆ ಒಂದೂವರೆ ದಿನ ಸಾಕು. ಆದ್ರೆ ಯಾರೂ ಎಬ್ಬಿಸಬಾರದು.

ಎಬ್ಬಿಸೋದು ತಪ್ಪೂ ಅಲ್ಲ, ಅದೇ ಕಷ್ಟ. ಈ ಕ್ಯಾಂಪಸ್ಸಲ್ಲಿ ಯಾರ ಕಂಪ್ಯೂಟರ್ ಸುಮ್ಮನೆ ಕೂತಿದೆಯೋ ಅದರೊಳಗೆ ಬೇರೆ ವಿಭಾಗದವರ ಲೆಕ್ಕ ಬಂದು ದುಡೀಬಹುದು. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ. ಒಂದೇ ಷರತ್ತು. ಮನೆಯವರು ಬಂದು ಒಂದು ಕೀ ಮುಟ್ಟಿದ್ರೂ ಸಾಕು, ಅತಿಥಿ ಚಪ್ಪಲಿ ಮೆಟ್ಕೊಂಡು ಹೊರಡ್ಬೇಕು. ಪಂಚಾಯ್ತಿ ಇಲ್ಲ.

ಮಂಗಳವಾರ ಮೊದಲ ಸಲ ಹೀಗಾದಾಗ ಇಂಗ್ರಿಡ್‌ಗೆ ಬೇಜಾರಾಗಿತ್ತು ಅಷ್ಟೇ. ಆಮೇಲೆ ಅನುಮಾನ ಶುರುವಾಯ್ತು. ಆಗಾಗ ಆ ಮೂಲೆ ಕಂಪ್ಯೂಟರಿನೊಳಕ್ಕೆ ದೂರದಿಂದಲೇ ಹೊಕ್ಕು, ಯಾರು ಕೂತಿದ್ದಾರೆ ಅಂತ ಇಣುಕೋಳು. ಪ್ರತಿ ಸಲಾನೂ ಅವಳದ್ದೊಂದೇ ಹೆಸರು. ಬೇರೆ ನರಪಿಳ್ಳೆ ಇಲ್ಲ. ಆದ್ರೆ ಲೆಕ್ಕ ಮಾತ್ರ ಬೀದಿಗೆ ಬಿದ್ದಿರೋದು. ಅಂದ್ರೆ ಏನರ್ಥ? ಕಳ್ಳ ಇವಳು ಬರೋ ಹೊತ್ತಿಗೆ ಪರಾರಿ. ಅಷ್ಟು ಚಾಲಾಕಿ.

ಅಂಥ ಚಾಲಾಕಿ ಡೈರಿ ವಿಭಾಗದಲ್ಲಿ ಇರೋದು ಒಬ್ಬನೇ. ವೆಂಡೆಲ್ ಪ್ರುಸ್ಕಿ. ಯಾವ ಹಸುವಿನ ಮಗಳು ಎಷ್ಟು ಹಾಲು ಕೊಡ್ತಾಳೆ ಅನ್ನೋ ಲೆಕ್ಕ ಅವನದ್ದು. ಹೋದ ಶುಕ್ರವಾರ ಎಲ್ಲರೂ ಮೀನು ಫ್ರೈ ತಿನ್ನೋಕೆ ಹೋಗಿದ್ದಾಗ, ಬಾಯಿ ತುಂಬ ಮೀನಿಟ್ಕೊಂಡು ಅಂದಿದ್ದ: "ಅಲ್ಲ ತಾಯಿ, ನಿನ್ನ ಕೆರೆ ಹೆಪ್ಪುಗಟ್ಟೋವರೆಗೂ ನನ್ನ ಹಸುಗಳು ಹೊರಗೆ ಕಾಯ್ಬೇಕಾ?" ಎಲ್ಲರೂ ನಕ್ಕಿದ್ರು. ಇಂಗ್ರಿಡ್ ನಕ್ಕಿರಲಿಲ್ಲ. ಜೋಕ್ ಹೊಡೆಯೋ ವಿಲನ್ನೇ ಡೇಂಜರ್ ಅಂತ ಅವತ್ತೇ ಅನ್ನಿಸಿತ್ತು.

ಕಂಪ್ಯೂಟರ್ ಹಂಚಿಕೆ ನೋಡ್ಕೊಳ್ಳೋ ಒಡೆಟ್ ಹಾಫ್‌ಮನ್‌ಗೆ ಎರಡು ಸಾಲಿನ ದೂರು ಟೈಪ್ ಮಾಡಿದ್ಲು. 'ವೆಂಡೆಲ್ ಪ್ರುಸ್ಕಿ ಬೇಕಂತಲೇ ನನ್ನ ಲೆಕ್ಕ ಎಬ್ಬಿಸ್ತಿದ್ದಾನೆ. ದಯವಿಟ್ಟು ನಿಲ್ಲಿಸಿ.' ಕಳಿಸಿದ್ಲು. ಕೋಟು ಹಾಕ್ಕೊಂಡು, ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಕೊಂಡು ಹಿಮದ ಮೇಲೆ ದಡದಡ ನಡೆದು ಡೈರಿ ಕಟ್ಟಡಕ್ಕೆ ಬಂದ್ಲು. ಸಾಲು ಖಾಲಿ ಇತ್ತೇನೋ, ಅವಳು ದಾರೀಲಿರುವಾಗ್ಲೇ ಲೆಕ್ಕ ಮತ್ತೆ ಮೂಲೆ ಕಂಪ್ಯೂಟರಿಗೆ ಹೋಗಿ ಕೂತಿತ್ತು.

ರೂಮಲ್ಲಿ ಕಂಪ್ಯೂಟರ್ ಫ್ಯಾನುಗಳ ಗುಂಯ್ ಸದ್ದು. ವೆಂಡೆಲ್ ಕಿಟಕಿ ಹತ್ರ ಕೂತು ತಾಜಾ ಚೀಸ್ ತುಂಡು ತಿಂತಿದ್ದ. ಹೊಸ ಚೀಸ್ ಹಲ್ಲಿಗೆ ಸಿಕ್ಕಿದ್ರೆ ಕಿರುಚುತ್ತೆ; ಒಂದೊಂದು ಅಗಿತಕ್ಕೂ ಕೀಚ್, ಕೀಚ್.

"ಕೈ ಮೇಲೆ! ಎರಡೂ!" ಅಂದ್ಲು ಇಂಗ್ರಿಡ್.

"ಅರೆಸ್ಟಾ?" ಎರಡೂ ಕೈ ಎತ್ತಿದ. ಒಂದೊಂದರಲ್ಲೂ ಒಂದೊಂದು ಚೀಸ್ ತುಂಡು. "ವಾರಂಟ್ ಎಲ್ಲಿ ಮಾರಾಯ್ತಿ?"

"ಮೂಲೆ ಕಂಪ್ಯೂಟರ್ ಯಾರು ಮುಟ್ತಿರೋದು?"

"ಮಂಗಳವಾರ ಪೆನ್ನು ಹುಡುಕುವಾಗ ಕೈ ತಗುಲ್ತು. ಸಾರಿ ಕೇಳಿದ್ನಲ್ಲ! ಆಮೇಲೆ ನೋಡು, ಹೆಂಗೆ ಕಾವಲು ಇಟ್ಟಿದೀನಿ."

ಮೂಲೆ ಕಂಪ್ಯೂಟರಿನ ಕೀಬೋರ್ಡ್ ಮೇಲೆ ಚೀಸ್ ಡಬ್ಬಿಯ ದೊಡ್ಡ ಮುಚ್ಚಳ ಕವುಚಿತ್ತು. ಅದರ ಮೇಲೆ ದಪ್ಪ ಅಕ್ಷರ: 'ಮುಟ್ಟಿದವನು ಕೆಟ್ಟ. ಒಳಗೆ ಕೆರೆ ಇದೆ.'

"ನನ್ನ ಹಸುಗಳು ಉಳಿದ ಮಷಿನ್‌ಗಳಲ್ಲಿ ಓಡ್ತಿವೆ," ಅಂದ ವೆಂಡೆಲ್. "ಆ ಮೂಲೆಗೆ ಮಾತ್ರ ಹೋಗ್ಬೇಡಿ ಅಂತ ಅವಕ್ಕೆ ಹೇಳಿಟ್ಟಿದೀನಿ. ಸೋಮವಾರದವರೆಗೆ ಅದು ನಿಂದು."

"ಡೈಲಾಗ್ ಚೆನ್ನಾಗಿದೆ."

"ನಂಬಲ್ವಾ?"

"ಇಲ್ಲ. ಕೈ ಇಳಿಸ್ಬೇಡ."

ಮೇಜಿನ ತುದಿಗೆ ಲ್ಯಾಪ್‌ಟಾಪ್ ಇಟ್ಟು ಸಾಲಿನ ಪಟ್ಟಿ ತೆಗೆದ್ಲು. ಅವಳ ಲೆಕ್ಕ ಓಡ್ತಿತ್ತು. ಸರಿ, ಈಗ ನೋಡೇಬಿಡೋಣ ಅಂತ ಎಂದಿನ ಹಾಗೆ ಮೂಲೆ ಕಂಪ್ಯೂಟರಿನೊಳಕ್ಕೆ ಹೊಕ್ಕಳು. ಅವಳದ್ದೊಂದೇ ಹೆಸರು. ಮತ್ತೆ ಪಟ್ಟಿಗೆ ಬಂದ್ಲು.

ಲೆಕ್ಕ ಹೊರಗೆ ಬಿದ್ದಿತ್ತು.

ವೆಂಡೆಲ್‌ನ ಕೈ ಇನ್ನೂ ಮೇಲೇ ಇತ್ತು. ಮುಚ್ಚಳ ಇದ್ದ ಹಾಗೇ ಇತ್ತು. ರೂಮಲ್ಲಿ ಮೂರನೆಯವರಿರಲಿಲ್ಲ.

"ಏನ್ ಮಾಡ್ದೆ ಈಗ?" ಅಂದ ವೆಂಡೆಲ್, ಮೆಲ್ಲಗೆ.

"ಏನಿಲ್ಲ. ಯಾರಿದ್ದಾರೆ ಅಂತ ಒಳಗೆ ಹೋಗಿ ನೋಡಿದೆ."

"ಒಳಗೆ ಹೋಗಿ." ಅವನ ನಗು ನಿಂತಿತು. "ಇಂಗ್ರಿಡ್, ದೂರದಿಂದ ಬಂದ್ರೂ ಅದು ಬರೋದೇ ಅಲ್ವಾ? ಮನೆಯವರು ಬಂದ್ರು ಅಂತ ತಿಳ್ಕೊಳ್ಳುತ್ತೆ ಅದು. ದಿನಕ್ಕೆ ಎಷ್ಟು ಸಲ ನೋಡ್ತಿದ್ದೆ?"

ಅವಳು ಬೆರಳು ಮಡಚಿ ಎಣಿಸೋಕೆ ಹೋದ್ಲು, ಎರಡೂ ಕೈ ಸಾಲಲಿಲ್ಲ.

ಅಷ್ಟರಲ್ಲಿ ಗುಂಯ್ ಅನ್ನೋ ಸದ್ದು ಇಳೀತಾ ಬಂತು. ಒಂದು ಫ್ಯಾನು, ಪಕ್ಕದ್ದು, ಅದರಾಚೆಯದು. ಇಡೀ ರೂಮು ಮೌನ. ವೆಂಡೆಲ್‌ನ ಫೋನು ಗುರ್ ಅಂತು. ಚೀಸ್ ಕೆಳಗಿಟ್ಟು ಓದಿದ.

"'ನಿನ್ನ ಮೇಲೆ ದೂರು ಬಂದಿದೆ. ಸೋಮವಾರ ವಿಚಾರಿಸೋವರೆಗೆ ನಿನ್ನ ಖಾತೆ ನಿಲ್ಲಿಸಿದ್ದೀನಿ. ನಾನು ಕೆರೆ ಮೇಲೆ ಮೀನು ಹಿಡೀತಿರ್ತೀನಿ, ಫೋನ್ ಎತ್ತಲ್ಲ. ಒಡೆಟ್.'" ಅವನು ತಲೆ ಎತ್ತಿದ. "ವಾರದಿಂದ ಓಡ್ತಿದ್ವು ನನ್ನ ಹಸುಗಳು."

"ವೆಂಡೆಲ್..."

"ಈಗ ಎಲ್ಲಾ ಮಷಿನ್ನೂ ನಿಂದೇ." ಜಾಕೆಟ್ ಹಾಕ್ಕೊಂಡ. ಬಾಗಿಲಲ್ಲಿ ನಿಂತು ಅವಳನ್ನ ನೋಡಿದ. ಈ ವಾರವೆಲ್ಲ ಅವಳು ಅವನನ್ನ ನೋಡ್ತಿದ್ದ ಹಾಗೇ ಇತ್ತು ಆ ನೋಟ. "ಇದಕ್ಕೇ ಕಳಿಸಿದ್ಯಾ ದೂರು?"

ಅವನು ಹೋದ ಮೇಲೂ ಆ ಪ್ರಶ್ನೆ ಅಲ್ಲೇ ಕೂತಿತ್ತು. ಪಟ್ಟಿಯಲ್ಲಿ ಅವಳ ಲೆಕ್ಕ ಮತ್ತೆ ಶುರುವಾಗಿತ್ತು. ಬಾಯಿ ಮುಚ್ಕೊಂಡು, ಇಣುಕದೆ ಇದ್ರೆ ಸಾಕು. ಭಾನುವಾರ ಮುಗಿಯುತ್ತೆ, ಸೋಮವಾರ ಕಮಿಟಿ, ಶುಭಂ. ಒಡೆಟ್‌ಗೆ ಹೇಳಿದ್ರೆ ಹಸುಗಳು ವಾಪಸ್ ಬರ್ತವೆ. ಅವು ಈ ಮನೆಯವು. ಮೂಲೆ ಬೇಕು ಅಂದ್ರೆ ಅತಿಥಿ ಏಳಲೇಬೇಕು. ಆ ಮೂಲೆ ಬಿಟ್ಟುಕೊಡೋ ಮನಸ್ಸು ವೆಂಡೆಲ್‌ಗೆ ಇನ್ನೂ ಉಳಿದಿರುತ್ತಾ?

ಲ್ಯಾಪ್‌ಟಾಪ್ ಮುಚ್ಚಿ ಅಲ್ಲೇ ಬಿಟ್ಟು, ಕೆರೆ ಕಡೆ ನಡೆದ್ಲು.

ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡಿಯೋರ ಪುಟ್ಟ ಗುಡಿಸಲುಗಳು ಸಂಜೆ ಬೆಳಕಲ್ಲಿ ನಿಂತಿದ್ವು. ಹಸಿರು ಬಾಗಿಲಿನದ್ದು ಒಡೆಟ್ ಅವರದ್ದು. ತಟ್ಟಿದ್ಲು.

"ಯಾರದು?"

"ನಾನು. ಇಂಗ್ರಿಡ್."

ಒಳಗೆ ಒಂದು ಸ್ಟವ್ವು, ನೆಲದ ಮಂಜುಗಡ್ಡೆಯಲ್ಲಿ ಕೊರೆದ ತೂತು, ಅದರೊಳಗೆ ಇಳಿಬಿಟ್ಟ ದಾರ. ಒಡೆಟ್ ಕೈಯಲ್ಲಿ ದಾರ ಹಿಡ್ಕೊಂಡು ಅವಳು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡ್ರು.

"ಎಬ್ಬಿಸ್ತಿದ್ದಿದ್ದು ನೀನೇ?"

"ನಾನೇ."

"ಅವನ ಹಸುಗಳು ಬಂದ್ರೆ ನಿನ್ನ ಕೆರೆ ಹೋಗಬಹುದು. ಗೊತ್ತಲ್ಲ?"

"ಗೊತ್ತು ಒಡೆಟ್. ನೀವು ಬಿಟ್ಬಿಡಿ ಅವನನ್ನ."

ಒಡೆಟ್ ನಿಟ್ಟುಸಿರು ಬಿಟ್ಟು ಎದ್ರು. ಕೆರೆಗೆ ಬರುವಾಗ ಫೋನು, ಲ್ಯಾಪ್‌ಟಾಪ್ ಎಲ್ಲಾ ದಡದ ಟ್ರಕ್ಕಲ್ಲೇ ಬಿಟ್ಟು ಬರೋದು ಅವರ ಹಟ; ವೆಂಡೆಲ್ ಖಾತೆ ತೆರೆಯೋಕೆ ಅಲ್ಲೀವರೆಗೆ ನಡೀಬೇಕು. "ಹಿಡ್ಕೋ ಇದನ್ನ," ಅಂತ ದಾರ ಅವಳ ಕೈಗಿಟ್ರು. "ಪದೇ ಪದೇ ಎತ್ತಿ ನೋಡ್ಬೇಡ ಮತ್ತೆ. ಮೀನು ಓಡೋಗುತ್ತೆ."

ಅವರ ಬೂಟಿನ ಸದ್ದು ದಡದ ಕಡೆ ಸಣ್ಣಗಾಗ್ತಾ ಹೋಯ್ತು. ಇಂಗ್ರಿಡ್ ತೂತಿನ ಪಕ್ಕ ಕೂತ್ಲು. ದಾರ ಒಂದ್ಸಲ ಅಲ್ಲಾಡಿದ ಹಾಗಾಯ್ತು. ಇರಬಹುದು, ಇಲ್ಲದೇನೂ ಇರಬಹುದು. ಅವಳು ಇನ್ನೊಂದು ಕೈಯನ್ನ ಕೋಟಿನ ಜೇಬೊಳಕ್ಕೆ ಆಳವಾಗಿ ತೂರಿಸಿ, ಕಪ್ಪು ನೀರನ್ನೇ ನೋಡ್ತಾ ಕೂತಿದ್ಲು.