ಬಸ್ಸಿನಲ್ಲಿ ಹೋದ ಮನೆ

ಊರಿಗೆಲ್ಲ ಲಾರಿ, ನನಗೊಂದು ಲಾರಿ ಇಲ್ಲ. ಯಶವಂತನಗರದ ನಮ್ಮ ಬಾಡಿಗೆ ಮನೆಯ ಮುಂದೆ ಹಗಲೂ ರಾತ್ರಿ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಅವುಗಳಲ್ಲೊಂದನ್ನು ಓಡಿಸುತ್ತಿದ್ದವರು ನನ್ನ ಗಂಡ ಜಂಬುನಾಥ. ಆದರೂ ನಮ್ಮ ನಾಲ್ಕು ಪಾತ್ರೆ, ಒಂದು ಮಂಚವನ್ನು ಮಲಪನಗುಡಿಗೆ ಸಾಗಿಸಲು ಆರು ತಿಂಗಳಿಂದ ಯಾವ ಗಾಡಿಗೂ ಪುರುಸೊತ್ತಿರಲಿಲ್ಲ. ಚೀನಾದಲ್ಲಿ ಒಲಿಂಪಿಕ್ಸ್ ನಡೆಯುತ್ತದಂತೆ, ಅದರ ಕಬ್ಬಿಣಕ್ಕೆ ನಮ್ಮ ಗುಡ್ಡವೇ ಬೇಕಂತೆ. ನನ್ನ ಮಂಚ ಯಾರಿಗೆ ಬೇಕು?

ಮಲಪನಗುಡಿಯಲ್ಲಿ ನಮ್ಮವ್ವ ಕೊಟ್ಟ ಜಾಗದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ್ದೆವು. ಬಸವ ಜಯಂತಿಯ ದಿನ ಹಾಲು ಉಕ್ಕಿಸಿ, ಮರುದಿನವೇ ಬೀಗ ಹಾಕಿ ಬಂದೆವು. "ಮನಿ ಆಗ್ಲಿ, ಅವತ್ತೇ ಅದಿರಿನ ಗಾಡಿ ಇಳದುಬಿಡ್ತೀನಿ" ಎಂದು ಮಾತು ಕೊಟ್ಟಿದ್ದರು ಇವರು. ಮನೆ ಆಯಿತು, ದೀಪಾವಳಿಯೂ ಹೋಯಿತು, ಗಾಡಿಯಿಂದ ಮಾತ್ರ ಇಳಿಯಲಿಲ್ಲ. ಮೊದಲು ದಿನಕ್ಕೆ ಎರಡು ಟ್ರಿಪ್ ಇದ್ದದ್ದು ಮೂರಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಬಂದು, ರೊಟ್ಟಿ ತಿಂದು, ಮಲಗಿ, ಮಧ್ಯಾಹ್ನ ಒಂದಕ್ಕೆ ಮತ್ತೆ ಹೊರಟುಬಿಡುತ್ತಿದ್ದರು. ಮೂರೇ ತಾಸಿನ ನಿದ್ದೆ. ಘಾಟಿನಲ್ಲಿ ಯಾವ ಲಾರಿ ಬಿತ್ತೆಂದು ಸುದ್ದಿ ಬಂದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಒಂದು ಭಾನುವಾರ ನಾನೇ ಕಮಲಾಪುರಕ್ಕೆ ಹೋಗಿ ಬಾಳೆಮಂಡಿಯ ಮೈಲಾರಲಿಂಗಪ್ಪನವರನ್ನು ಕಂಡೆ. ಅವರ ಟೆಂಪೋ ಡ್ರೈವರ್ ಕೆಲಸ ಬಿಟ್ಟಿದ್ದ.

"ಹಗಲು ಕೆಲಸ ಐತವ್ವ, ಸಂಜಿ ಆರಕ್ಕ ಮನಿ ಸೇರ್ಬೋದು" ಎಂದರು. "ನಾಳೆ ಬಿಟ್ಟು ಮುಂದಿನ ಸೋಮವಾರದ ತನಕ ಕಾಯ್ತೀನಿ. ನಿನ್ನ ಗಂಡ ಬಂದ್ರ, ಅದೇ ಟೆಂಪೋದಾಗ ನಿಮ್ಮ ಸಾಮಾನು ತುಂಬ್ಕೊಂಡು ಬರ್ಲಿ. ಬರ್ಲಿಲ್ಲಂದ್ರ ಬ್ಯಾರೆಯವ್ರನ್ನ ನೋಡ್ತೀನಿ."

ಮರುದಿನ ಬೆಳಿಗ್ಗೆ ಇವರಿಗೆ ಹೇಳಿದೆ. "ಬರೋ ತಿಂಗಳು ನೋಡೂಣು" ಎಂದವರು ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ನಿದ್ದೆಹೋದರು. ಕೈ ತೊಳೆಸಿ ಮಲಗಿಸಿದೆ. ಸಿಟ್ಟು ನೆತ್ತಿಗೇರಿತ್ತು. ಇವರ ಬರೋ ತಿಂಗಳು ಕ್ಯಾಲೆಂಡರಿನಲ್ಲೇ ಇರಲಿಲ್ಲ. ಲಾರಿ ಇಲ್ಲದಿದ್ದರೇನಂತೆ, ಸರ್ಕಾರಿ ಬಸ್ಸು ಇದೆಯಲ್ಲ ಎಂದುಕೊಂಡು ಅಟ್ಟದ ಮೇಲಿನ ಗೋಣಿಚೀಲ ಇಳಿಸಿದೆ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ದಿನಕ್ಕಿಷ್ಟು ಸಾಮಾನು ಸಾಗಿಸುವುದು. ಒಂದಲ್ಲ ಒಂದು ದಿನ ಇವರು ಕಣ್ಣರಳಿಸಿ "ಅದು ಎಲ್ಲಿ ಹೋತು?" ಎಂದು ಕೇಳುತ್ತಾರೆ. ಆಗ ಕೊಡಬೇಕಾದ ಉತ್ತರ ನನ್ನ ಬಳಿ ತಯಾರಿತ್ತು. "ಹೊಸ ಮನಿಗೆ ಹೋತು, ನೀವೂ ಬರ್ತೀರೇನು?"

ಸೋಮವಾರ ಗೋಡೆಯ ಶೆಲ್ಫಿನ ಸ್ಟೀಲ್ ಪಾತ್ರೆಗಳನ್ನು ಒಂದರೊಳಗೊಂದು ಕೂರಿಸಿ, ನಡುವೆ ಹಳೆ ಲುಂಗಿಯ ಚೂರು ತುರುಕಿ ಚೀಲ ಹೊಲಿದೆ. ಬೇಳೆಕಾಳಿನ ಗಂಟು ಬೇರೆ ಕಟ್ಟಿದೆ. ಇವರು ಒಂದು ಗಂಟೆಗೆ ಹೊರಟ ಮೇಲೆ ನಾನೂ ಹೊರಟೆ. ಸಂಡೂರಿಗೆ ಒಂದು ಬಸ್ಸು, ಹೊಸಪೇಟೆಗೆ ಇನ್ನೊಂದು, ಅಲ್ಲಿಂದ ಕಮಲಾಪುರದ ಬಸ್ಸು ಹತ್ತಿ ಮಲಪನಗುಡಿಯಲ್ಲಿ ಇಳಿದೆ. ಬೀಗ ತೆಗೆದು ಸಾಮಾನಿಟ್ಟು ಕತ್ತಲಾಗುವಷ್ಟರಲ್ಲಿ ವಾಪಸು ಬಂದೆ. ತೋಳು ಕಿತ್ತು ಬರುವಷ್ಟು ನೋಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಇವರು ಬಂದು ಬರಿದಾದ ಶೆಲ್ಫಿನ ಎದುರಿಗೇ ಕುಳಿತು ರೊಟ್ಟಿ ತಿಂದರು. "ಚಟ್ನಿ ಮಸ್ತ್ ಆಗೇತಿ" ಎಂದರು. ನಾನು ತುಟಿ ಕಚ್ಚಿಕೊಂಡು ಗೋಡೆ ಗಡಿಯಾರ, ಕನ್ನಡಿ ಎರಡನ್ನೂ ಇಳಿಸಿ ಸೀರೆಯಲ್ಲಿ ಸುತ್ತಿದೆ.

ಬುಧವಾರ ಇವರು ಕನ್ನಡಿ ಇದ್ದ ಜಾಗದೆದುರು ನಿಂತು ತಲೆ ಬಾಚಿಕೊಂಡರು! ನನಗೆ ನಗು ಬಂತು. ಪಕ್ಕದ ಮನೆಯ ಹುಲುಗಮ್ಮನಿಗೆ ಹೇಳಿದರೆ ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾಳೆ ನೀನ ಹೋಗಿಬಿಡು, ಅದೂ ಗೊತ್ತಾಗಂಗಿಲ್ಲ" ಎಂದಳು. ಅವತ್ತು ಮಧ್ಯಾಹ್ನ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಇಡೀ ಮನೆಗೆ ಅದೊಂದೇ ಕುರ್ಚಿ. ಬಂದ ಕೂಡಲೇ ಇವರು ಕೂರುತ್ತಿದ್ದದ್ದು ಅದರಲ್ಲೇ.

"ಏನಮ್ಮಾ, ದಿನಾ ಒಂದೊಂದು ಸಾಮಾನು ತರ್ತೀ. ಮನಿಗೆ ಕಳ್ಳ ಬಿದ್ದಾನೇನು?" ಎಂದ ಕಂಡಕ್ಟರ್.

"ಬಿದ್ದಾನ. ನಾನ ಆ ಕಳ್ಳಿ" ಎಂದೆ. ಬಸ್ಸೆಲ್ಲ ನಕ್ಕಿತು.

ಗುರುವಾರ, ಶುಕ್ರವಾರ ಇವರು ಬಂದವರೇ ನಿದ್ದೆಗಣ್ಣಿನಲ್ಲಿ ಮಂಚದ ಮೇಲೆ ಕುಸಿದು ಅಲ್ಲೇ ಚಾ ಕುಡಿದರು, ಕುರ್ಚಿ ಕೇಳಲಿಲ್ಲ. ಗುರುವಾರ ಟಿವಿ ತೊಡೆಯ ಮೇಲೆ ಕೂತು ಹೋಯಿತು. ಶುಕ್ರವಾರ ಉಪ್ಪಿನಕಾಯಿ ಭರಣಿ, ದೇವರ ಫೋಟೊಗಳು, ಇವರು ಅಂಗಿ ತೂಗುಹಾಕುವ ಮರದ ಸ್ಟ್ಯಾಂಡು. ಮನೆಯಲ್ಲಿ ಉಳಿದದ್ದು ಕಬ್ಬಿಣದ ಮಂಚ, ಹಾಸಿಗೆ ದಿಂಬು, ಒಂದು ಸ್ಟೋವು, ರೊಟ್ಟಿ ಹಂಚು, ನೀರಿನ ಕೊಡ, ನಾಲ್ಕು ಪಾತ್ರೆ. ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುವಂತಾಗಿತ್ತು. ಇವರಿಗೆ ಅದೂ ಕೇಳಲಿಲ್ಲ. ಸಿಟ್ಟಿನ ಜೊತೆ ಅವಮಾನವೂ ಸೇರಿಕೊಂಡಿತು. ನಾಲ್ಕು ವರ್ಷ ಗುಡಿಸಿ ಒರೆಸಿದ ಮನೆ ಇದು, ಇದರಲ್ಲೇನಿದೆ ಏನಿಲ್ಲ ಎಂಬುದೂ ಈ ಮನುಷ್ಯನಿಗೆ ಬೇಡವೇ ಎನಿಸಿತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇವರು ಬಂದರು. ಕಣ್ಣು ಕೆಂಡದಂತಿದ್ದವು. ಅಂಗಿ ಬಿಚ್ಚಿ ಸ್ಟ್ಯಾಂಡಿಗೆ ಹಾಕಿದರು, ಅಂಗಿ ನೆಲಕ್ಕೆ ಬಿತ್ತು. ಅದನ್ನು ನೋಡಲೂ ಇಲ್ಲ. ತಿರುಗಿ ಎಂದಿನ ಮೂಲೆಯಲ್ಲಿ ಕುರ್ಚಿಗೆಂದು ಕುಳಿತವರು ಧೊಪ್ಪೆಂದು ನೆಲಕ್ಕೆ ಬಿದ್ದರು.

ಓಡಿಹೋದೆ. ಬಿದ್ದಲ್ಲಿಂದಲೇ ನನ್ನನ್ನು ನೋಡಿ, "ಯಾಕ ಹುಡುಗಾಟ ಮಾಡ್ತೀಯ ಅನ್ನಪೂರ್ಣ? ಕುರ್ಚಿ ಹಿಂದಕ್ಕ ಯಾಕ ಎಳದಿ?" ಎಂದರು. ಎಂದವರು ಹಾಗೇ ಪಕ್ಕಕ್ಕೆ ವಾಲಿ ಗೊರಕೆ ಹೊಡೆಯತೊಡಗಿದರು.

ಐದು ದಿನದಿಂದ ಈ ಮನುಷ್ಯನಿಗೆ ನಾನು ಬೇಡ, ಮನೆ ಬೇಡ ಎಂದು ಕುದಿಯುತ್ತಿದ್ದೆನಲ್ಲ, ನಾನೆಂಥ ಮಂಕು. ಇವರಿಗೆ ಏನೂ ಕಾಣುತ್ತಲೇ ಇರಲಿಲ್ಲ. ಇದೇ ಕಣ್ಣಿನಿಂದ ದಿನಕ್ಕೆ ಮೂರು ಸಲ ತುಂಬಿದ ಲಾರಿಯನ್ನು ಘಾಟಿನಿಂದ ಇಳಿಸುತ್ತಿದ್ದರು. ಪಕ್ಕದಲ್ಲಿ ಕುಳಿತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಅತ್ತು ಮುಗಿದ ಮೇಲೆ ನೆಲದಲ್ಲಿದ್ದ ಅಂಗಿ ಎತ್ತಿ ಜೇಬಿನಿಂದ ಲಾರಿಯ ಕೀ ತೆಗೆದು ಮುಷ್ಟಿಯಲ್ಲಿ ಹಿಡಿದೆ. ಇವರ ತಲೆಯ ಕೆಳಗೆ ದಿಂಬಿಟ್ಟು, ಬಾಗಿಲು ಮುಂದೆ ಮಾಡಿ ಹೊಸ್ತಿಲ ಹೊರಗೆ ಕುಳಿತೆ.

ಒಂದೂವರೆಗೆ ಲಾರಿ ಮಾಲೀಕನ ಮೇಸ್ತ್ರಿ ಬೈಕಿನಲ್ಲಿ ಬಂದ.

"ಎಬ್ಬಸಮ್ಮ, ಜಲ್ದಿ. ಗಾಡಿ ನಿಂತೈತಿ."

"ಎಬ್ಬಸಂಗಿಲ್ಲ."

"ಆರಾಮಿಲ್ಲೇನು?"

"ಹೌದ್ರಿ. ಕಣ್ಣು ಕಾಣವಲ್ದು ಅವ್ರಿಗೆ."

ಅವನಿಗೆ ಅರ್ಥವಾಗಲಿಲ್ಲ. "ನೋಡು, ಇವತ್ತು ಬರ್ಲಿಲ್ಲಂದ್ರ ಗಾಡಿ ಬ್ಯಾರೆಯವ್ರಿಗೆ ಹೋಗ್ತೈತಿ. ಮತ್ತ ಬಂದು ಕಾಲು ಹಿಡಿದ್ರೂ ಸಿಗಂಗಿಲ್ಲ. ಅವನ್ನ ಒಂದು ಮಾತು ಕೇಳು" ಎಂದ.

"ಕೇಳಿದ್ರ ಎದ್ದು ಬಂದುಬಿಡ್ತಾರ. ಅದಕ್ಕ ಕೇಳಂಗಿಲ್ಲ" ಎಂದು ಕೀ ಅವನ ಕೈಗೆ ಹಾಕಿದೆ.

ಬೈಕು ಹೋಯಿತು. ಗಂಡನ ಅನ್ನವನ್ನು ಅವರಿಗೇ ತಿಳಿಯದಂತೆ ದಾನ ಮಾಡಿದ್ದೆ. ಎದ್ದು ಹೊಡೆದರೂ ಹೊಡೆಯಲಿ, ಎದ್ದರೆ ಸಾಕು ಎನಿಸಿತು.

ಇವರು ಎದ್ದದ್ದು ಭಾನುವಾರ ಬೆಳಿಗ್ಗೆ. ಗೋಡೆ ನೋಡಿದರು, ಸೂರು ನೋಡಿದರು. "ಮನಿ ಎಲ್ಲಿ ಹೋತು?" ಎಂದರು. ಐದು ದಿನ ತಯಾರಿಟ್ಟಿದ್ದ ಜಾಣ ಉತ್ತರ ಬಾಯಿಗೆ ಬರಲಿಲ್ಲ. ಸೋಮವಾರದಿಂದ ಆದದ್ದೆಲ್ಲ ಹೇಳಿದೆ, ಕೀ ಕೊಟ್ಟದ್ದನ್ನೂ ಹೇಳಿದೆ.

"ನನ್ನ ಕೇಳದ ಕೊಟ್ಟಿಯೇನು? ತಲಿ ಕೆಟ್ಟೈತೇನು ನಿಂಗ?" ಎಂದು ಎದ್ದು ನಿಂತರು. "ಸುಳ್ಳು ಹೇಳಬ್ಯಾಡ. ಶುಕ್ರವಾರ ನಾನು ಕುರ್ಚ್ಯಾಗ ಕುಂತು ಚಾ ಕುಡದೀನಿ!"

"ಕುರ್ಚಿ ಬುಧವಾರನ ಹೋಗೇತ್ರಿ. ಶುಕ್ರವಾರ ನೀವು ಚಾ ಕುಡದಿದ್ದು ಮಂಚದ ಮ್ಯಾಲೆ ಕುಂತು."

ಕುರ್ಚಿ ಇದ್ದ ಮೂಲೆಯನ್ನು ನೋಡಿದರು. ನಿಧಾನವಾಗಿ ಮಂಚದ ಅಂಚಿಗೆ ಕುಳಿತುಕೊಂಡರು.

"ಅನ್ನಪೂರ್ಣ, ಶುಕ್ರವಾರ ರಾತ್ರಿ ಗುಡ್ಡದ ಮ್ಯಾಲೆ ಲೋಡ್ ತುಂಬಿಸಿದ್ದು ನೆನಪೈತಿ" ಎಂದರು. "ಆಮ್ಯಾಲೆ ನೋಡಿದ್ರ ರೈಲ್ವೆ ಸೈಡಿಂಗ್‌ನ್ಯಾಗ ಅನ್‌ಲೋಡ್ ಆಗಾಕ ಹತ್ತಿತ್ತು. ನಡುವ ಏನಾತೋ ಗೊತ್ತಿಲ್ಲ. ನಡುವ ಘಾಟ್ ಐತಿ. ಎರಡು ಊರು ಅದಾವು. ದಾರಿಗೆ ಹತ್ತಿ ಸಣ್ಣ ಹುಡುಗ್ರ ಒಂದು ಸಾಲಿ ಐತಿ."

ನಾನು ಅವರ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಚಿಕ್ಕ ಹುಡುಗರಂತೆ ಅತ್ತರು. ಆಮೇಲೆ ಮುಖ ಒರೆಸಿಕೊಂಡು ಎದ್ದು, "ಈಗ್ಲೇ ಕಮಲಾಪುರಕ್ಕ ಹೋಗಿ ಟೆಂಪೋ ತರ್ತೀನಿ" ಎಂದರು.

"ಬ್ಯಾಡ" ಎಂದೆ. "ಇವತ್ತು ಸ್ಟೇರಿಂಗ್ ಮುಟ್ಟಂಗಿಲ್ಲ. ಬಾಳೆಮಂಡಿಯವ್ರು ಸೋಮವಾರದ ತನಕ ಅಂದಾರ, ನಾಳೆ ಇಬ್ರೂ ಬಸ್ಸಿಗೆ ಹೋಗೂಣು. ಈಗ ರೊಟ್ಟಿ ತಿಂದು ಮತ್ತ ಮಲಗ್ರಿ."

ತಿಂದರು. ಮಲಗಿದರು. ನಾನು ಅವರ ಪಕ್ಕ ಕುಳಿತು, ಯಾರೂ ಬಂದು ಎಬ್ಬಿಸದಂತೆ ಸಂಜೆಯವರೆಗೂ ಕಾದೆ.