ಏಳನೆಯ ಹೆಸರು

ಕ್ಲೇಟನ್ ಮಾಬ್ರಿ ಗುಂಡಿಯ ಅಂಚಿನಲ್ಲಿ ನಿಂತು, ತೋಡಿ ಹಾಕಿದ್ದ ಮಣ್ಣನ್ನು ಬೂಟುಗಾಲಿನಿಂದ ಒದ್ದು ಮತ್ತೆ ಒಳಕ್ಕೇ ತಳ್ಳುತ್ತಿದ್ದ. ಬೆಳಿಗ್ಗೆಯಿಂದ ನೆರೆಯ ನಾಲ್ವರು ಬೆವರು ಸುರಿಸಿ ತೋಡಿದ ಗುಂಡಿ ಅದು. ನಮ್ಮ ಕಣಿವೆಯಲ್ಲಿ ಹೆಣದ ಗುಂಡಿಗೆ ಕೂಲಿಯವರನ್ನು ಕರೆಯುವುದಿಲ್ಲ.

“ಮೊದ್ಲು ನಮ್ಮಪ್ಪನ ಹೆಸರು ಹಾಡಿಂದ ತೆಗೀರಿ! ಆಮೇಲೆ ಹೂತ್ಕೊಳ್ಳಿ ನಿಮ್ಮ ಡೆಲ್ಫಿಯಾನ!”

ಗುಂಡಿ ತೋಡಿದವರಲ್ಲೊಬ್ಬ ಬೀಸಿದ ಗುದ್ದಲಿಯ ಕಾವು ಅವನ ಬಾಯಿಗೆ ಬಿತ್ತು. ಎರಡು ಹಲ್ಲು ಹೋದವು. ಬಿದ್ದವನ ಪಕ್ಕೆಗೆ ಮೂವರು ಸೇರಿ ಒದ್ದರು.

“ಹೆಣ ಇಟ್ಕೊಂಡಿರೋರ ಹತ್ರ ಜಗಳಕ್ಕೆ ಬರ್ತೀಯೇನೋ ಕೊಲೆಗಾರನ ಮಗನೇ?”

“ಸಾಕು ಬಿಡ್ರೋ,” ಎಂದು ಹ್ಯಾಸ್ಕೆಲ್ ಪ್ರ್ಯಾಟ್ ನಡುವೆ ಬಂದ. ಎಪ್ಪತ್ತು ದಾಟಿದ ಮುದುಕ, ಸತ್ತ ಡೆಲ್ಫಿಯಾಳ ಒಬ್ಬನೇ ತಮ್ಮ. “ಸತ್ಗಿತ್ತು ಹೋದಾನು. ಇನ್ನೊಂದು ಗುಂಡಿ ನೀವು ತೋಡ್ತೀರಾ?”

ಕ್ಲೇಟನ್ ಎದ್ದ. ಮನೆಗೆ ಮಾತ್ರ ಹೋಗಲಿಲ್ಲ. ಸ್ಮಶಾನದ ಕಲ್ಲುಗೋಡೆಯ ಮೇಲೆ ಕುಳಿತು ಬಾಯಿ ಒರೆಸಿಕೊಳ್ಳತೊಡಗಿದ.

ಇಷ್ಟಕ್ಕೆಲ್ಲ ಕಾರಣ ಒಂದು ಹಾಡು. ಡೆಲ್ಫಿಯಾ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಹುರುಳಿಕಾಯಿ ಬೇಯಿಸಿದವಳು. ಊಟದ ಪಟ್ಟಿಯ ಹಾಳೆ ಮಗುಚಿ ಅದರ ಹಿಂದೆ ಕವಿತೆ ಬರೆಯುತ್ತಿದ್ದಳು. ಗಣಿಯ ದೂಳು ತುಂಬಿದ ಎದೆಗಳ ಮೇಲೆ ಬರೆದಳು, ವಿಯೆಟ್ನಾಮಿನಿಂದ ಪೆಟ್ಟಿಗೆಯಲ್ಲಿ ಬಂದ ಹುಡುಗರ ಮೇಲೆ ಬರೆದಳು, ಓಟು ಕೇಳಿಕೊಂಡು ಬಂದವರ ಮುಖದೆದುರೇ ಓದಿದಳು. ಎರಡು ಸಲ ಜೈಲಿಗೂ ಹೋಗಿ ಬಂದಳು. ದೂರದ ಕಾಲೇಜಿನವರು ತೆಳ್ಳನೆಯ ಪುಸ್ತಕ ಮಾಡಿದರು. ಇವತ್ತೂ ಅವರಲ್ಲಿ ಮೂವರು ಕಪ್ಪು ಕೋಟು ಹಾಕಿಕೊಂಡು ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವಳ ಮನೆಯಂಗಳದ ಕೋಳಿಗಳ ನಡುವೆ ನಿಂತಿದ್ದರು.

ನಮ್ಮವರು ಆ ಪುಸ್ತಕ ಓದಿದ್ದು ಅಷ್ಟಕ್ಕಷ್ಟೇ. ನಮ್ಮ ಚರ್ಚಿನಲ್ಲಿ ಪುಸ್ತಕ ನೋಡಿ ಹಾಡುವುದಿಲ್ಲ. ಒಬ್ಬರು ಸಾಲು ಕೊಡುತ್ತಾರೆ, ಉಳಿದವರು ಅದನ್ನೇ ಎಳೆದೆಳೆದು ಹಾಡುತ್ತಾರೆ. ಕೊಟ್ಟ ಸಾಲನ್ನು ಎತ್ತಿಕೊಳ್ಳದೆ ಬಿಟ್ಟರೆ ಕೊಟ್ಟವರ ಕೆನ್ನೆಗೆ ಹೊಡೆದ ಹಾಗೆ. ‘ಏಳು ಹೆಸರು’ ಎಂಬ ಅವಳ ಹಾಡು ಹಾಗೆಯೇ ಬಾಯಿಂದ ಬಾಯಿಗೆ ಹೋಗಿ, ತೊಟ್ಟಿಲ ಮಗುವಿಗೂ ಬರುವಂತಾಗಿತ್ತು.

ಆ ಏಳನೆಯ ಹೆಸರು ಈಲೈ ಮಾಬ್ರಿಯದು.

*

ಮೂವತ್ತು ವರ್ಷದ ಹಿಂದೆ, ಮುಷ್ಕರದ ಎಂಟನೇ ತಿಂಗಳು. ಗಣಿಯ ಗೇಟಿನ ಮುಂದೆ ಹೆಂಗಸರು ರಸ್ತೆಗೆ ಅಡ್ಡಲಾಗಿ ಕುಳಿತಿದ್ದರು, ಗಂಡಸರು ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಬೆಳಗಿನ ಮಂಜಿನಲ್ಲಿ ಕಂಪನಿಯ ಕಡೆಯವರು ಏಳು ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಪಿಕಾಸಿಯ ಕಾವು ಹಿಡಿದು ಬಂದರು. ಎಲ್ಲರೂ ಎಣಿಸಿದರು, ಏಳೇ.

ಮಾತಿಲ್ಲ ಕತೆಯಿಲ್ಲ. ಮೊಣಕಾಲು, ಕೈ, ಬೆನ್ನು, ಸಿಕ್ಕಿದ ಕಡೆ ಹೊಡೆದರು. ಬಸುರಿಯೊಬ್ಬಳನ್ನು ಕೂದಲು ಹಿಡಿದು ಚರಂಡಿಗೆ ಎಳೆದರು. ಡೆಲ್ಫಿಯಾಳ ಗಂಡ ಆರ್ಲಿ ಅವಳನ್ನು ಬಿಡಿಸಲು ಹೋದ. ಒಬ್ಬ ಎಡಗೈಯಲ್ಲಿ ಬೀಸಿದ ಕಾವು ಆರ್ಲಿಯ ನೆತ್ತಿಗೆ ಬಿತ್ತು. ಕುಂಬಳಕಾಯಿ ಒಡೆದ ಸದ್ದಾಯಿತು. ಆರ್ಲಿ ಕುಸಿದ ಮೇಲೂ ಅದೇ ಎಡಗೈ ಇನ್ನೆರಡು ಸಲ ಬೀಸಿತು. ಹನ್ನೊಂದು ದಿನ ಗೊರಗುಟ್ಟಿ ಆರ್ಲಿ ಸತ್ತ.

ಅವನ ಹೆಣದ ಮುಂದೆಯೇ ಡೆಲ್ಫಿಯಾ ಆ ಹಾಡು ಕಟ್ಟಿದಳು. ಹೆಂಗಸರು ಸಾಲು ಕೊಡುವ ಪದ್ಧತಿ ಇಲ್ಲದ ಕಣಿವೆಯಲ್ಲಿ ಗೇಟಿನ ಮುಂದೆ ನಿಂತು ತಾನೇ ಸಾಲು ಕೊಟ್ಟಳು. ಆರು ಹೆಸರು ನಿಜ. ಬಟ್ಟೆ ಜಾರಿದಾಗ ಹತ್ತಾರು ಜನ ಆ ಮುಖಗಳನ್ನು ನೋಡಿದ್ದರು. ಏಳನೆಯವನನ್ನು ಕಂಡವಳು ಅವಳೊಬ್ಬಳೇ ಎಂದು ಎಲ್ಲರೂ ನಂಬಿದರು.

ಈಲೈ ಕಂಪನಿಯ ಲಾರಿ ಓಡಿಸುತ್ತಿದ್ದವನು. ಅವತ್ತು ತಾನು ಊರಲ್ಲೇ ಇರಲಿಲ್ಲ ಎಂದು ಬಾಯಿ ಬಡಿದುಕೊಂಡ. ಹಾಡು ಹೇಳಿದ ಮೇಲೆ ಇವನ ಮಾತು ಯಾರಿಗೆ ಬೇಕು? ಅವನ ಕೊಟ್ಟಿಗೆಗೆ ಬೆಂಕಿ ಬಿತ್ತು. ಅವನ ನಾಯಿಯನ್ನು ಬಾಗಿಲಿಗೇ ನೇತುಹಾಕಿದರು. ಚರ್ಚಿನಲ್ಲಿ ಅವನ ಕೈ ಕುಲುಕುವವರಿಲ್ಲದಾದರು. ನಾಲ್ಕನೆಯ ವರ್ಷ ಲಾರಿಯಲ್ಲೇ ಕುಳಿತು ತಲೆಗೆ ಗುಂಡು ಹೊಡೆದುಕೊಂಡ. ಮೊದಲು ನೋಡಿದವನು ಹನ್ನೊಂದು ವರ್ಷದ ಕ್ಲೇಟನ್.

*

ನಡುಮನೆಯಲ್ಲಿ ಡೆಲ್ಫಿಯಾಳ ಹೆಣದ ಪೆಟ್ಟಿಗೆ ಮುಚ್ಚಳ ತೆರೆದೇ ಇತ್ತು. ಹೆಂಗಸರು ಅಡುಗೆಮನೆಯಲ್ಲಿ ಮೆಕ್ಕೆಜೋಳದ ರೊಟ್ಟಿ ಜೋಡಿಸುತ್ತಿದ್ದರು. ಡೆಲ್ಫಿಯಾಳ ಮಗಳು ರೀಥಾ ಬಾಗಿಲು ಮುಂದೆ ಮಾಡಿ, ಸೋದರಮಾವನ ಎದುರು ನಿಂತಳು.

“ಮಾಮ, ಅವ್ವ ಹೋದ ವಾರ ಎಲ್ಲಾ ಹೇಳಿದ್ಲು.”

ಹ್ಯಾಸ್ಕೆಲ್ ಅಕ್ಕನ ಮುಖ ನೋಡಿದ. “ಏನು ಹೇಳಿದ್ಲು?”

“ಎಡಗೈ ಯಾರ್ದು ಅಂತ. ಮಾಬ್ರಿಗೆ ಈ ಕಣಿವೇಲಿ ನೆಂಟ್ರಿಲ್ಲ ಇಷ್ಟ್ರಿಲ್ಲ, ಕೇಳೋರಿಲ್ಲ, ಅದಕ್ಕೇ ಅವನ ಹೆಸರು ಹಾಕ್ದೆ ಅಂತ. ಆರೇ ಬರೆದಿದ್ರೆ ಏಳನೆಯವನು ಯಾರು ಅಂತ ಕೇಳ್ತಿದ್ರಲ್ಲ.” ಅವಳು ಏಪ್ರನ್ ಜೇಬಿನಿಂದ ಊಟದ ಪಟ್ಟಿಯ ಹಾಳೆ ತೆಗೆದಳು. “ಹೊಸ ಸಾಲು ಬರ್ದಿದಾಳೆ. ಗುಂಡಿ ಹತ್ರ ಕೊಡು ಅಂದ್ಲು.”

ಹ್ಯಾಸ್ಕೆಲ್ ಅವಳ ಮಣಿಕಟ್ಟು ಹಿಡಿದ. ಈ ವಯಸ್ಸಿನಲ್ಲೂ ಆ ಕೈ ಇಕ್ಕಳದ ಹಾಗಿತ್ತು. ಮೂಳೆ ಕಟಕಟ ಎಂದಿತು.

“ಸುಡು ಅದನ್ನ.”

“ಕೈ ಬಿಡು ಮಾಮ.”

“ನಿಂಗೆ ವರ್ಷವರ್ಷ ಚಳಿಗೆ ಬೂಟು ತಂದೋನು ಯಾರು? ಕೆಮ್ಮು ಹತ್ತಿದಾಗ ಹೆಗಲ ಮೇಲೆ ಹೊತ್ಕೊಂಡು ಹಿಮದಲ್ಲಿ ಡಾಕ್ಟ್ರ ಹತ್ರ ನಡೆದೋನು ಯಾರು? ನಿಮ್ಮಪ್ಪನಾ?”

“ನೀನೇ. ಅಪ್ಪನ್ನ ಕೊಂದೋನೂ ನೀನೇ.”

“ಕಂಪನಿಯೋರು ಮನೆ ಕಿತ್ಕೋತೀವಿ ಅಂದ್ರು, ಹೋದೆ. ಆರ್ಲಿ ಅಂತ ಗೊತ್ತಾಗ್ಲಿಲ್ಲ, ಮಂಜು ಇತ್ತು.”

“ಮೂರು ಸಲ ಹೊಡ್ದೆ ಅಂತೆ. ಮೂರು ಸಲಾನೂ ಮಂಜು ಇತ್ತಾ?”

ಅವನು ಕೈ ಬಿಟ್ಟ. ರೀಥಾಳಿಗೆ ಅಳು ಬಂತು. ಅಪ್ಪನ ಮುಖ ಅವಳಿಗೆ ನೆನಪಿಲ್ಲ. ಅಪ್ಪ ಎಂದರೆ ಅವಳಿಗೆ ಈ ಮುದುಕನೇ. ಅವ್ವನ ಮೇಲೂ ಸಿಟ್ಟು ಬಂತು. ಊರಿಗೆಲ್ಲ ನ್ಯಾಯ ಹಾಡಿದವಳು, ಈ ಕೆಲಸವೊಂದನ್ನು ಮಗಳಿಗೆ ಉಳಿಸಿ ಮಲಗಿಬಿಟ್ಟಿದ್ದಳು.

*

ಗುಂಡಿಯ ಮೇಲೆ ಹಲಗೆ ಹಾಕಿ ಪೆಟ್ಟಿಗೆ ಇಟ್ಟಿದ್ದರು. ನಾಲ್ವರು ಹಗ್ಗ ಹಿಡಿದು ನಿಂತಿದ್ದರು, ಹ್ಯಾಸ್ಕೆಲ್ ತಲೆಯ ಕಡೆ. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ, ಚರ್ಚಿನಲ್ಲಿ ನಲವತ್ತು ವರ್ಷದಿಂದ ಮಾಡಿದಂತೆ, ಹ್ಯಾಸ್ಕೆಲ್‌ನೇ ‘ಏಳು ಹೆಸರು’ ಹಾಡಿನ ಸಾಲು ಕೊಡಲು ಶುರುಮಾಡಿದ. ಒಂದೊಂದು ಹೆಸರಿಗೂ ಇನ್ನೂರು ಗಂಟಲು ಗುಡ್ಡಕ್ಕೆ ಅಪ್ಪಳಿಸಿದವು. ಐದು. ಆರು.

ಏಳನೆಯದಕ್ಕೆ ಅವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ರೀಥಾ ಕೂಗಿದಳು:

“ಏಳನೆಯವನು ಹ್ಯಾಸ್ಕೆಲ್ ಪ್ರ್ಯಾಟ್, ನನ್ನವ್ವನ ಒಡಹುಟ್ಟಿದವನು!”

ಯಾರೂ ಎತ್ತಿಕೊಳ್ಳಲಿಲ್ಲ. ಆಮೇಲೆ ಯಾರೋ “ಬಾಯ್ಮುಚ್ಚೇ!” ಎಂದರು. ಬೆಳಿಗ್ಗೆ ಗುದ್ದಲಿ ಬೀಸಿದವನು ಅವಳ ಕೆನ್ನೆಗೆ ಬಾರಿಸಿದ. ಅವಳು ಮಣ್ಣುಗುಡ್ಡೆಯ ಮೇಲೆ ಬಿದ್ದಳು, ತುಟಿ ಒಡೆಯಿತು. ಎದ್ದು, ಹಾಳೆ ಚಾಚಿದಳು.

“ಅವ್ವನ ಅಕ್ಷರ. ನೋಡ್ಕೊಳ್ಳಿ. ಇನ್ನೊಂದ್ಸಲ ಕೊಡ್ತೀನಿ.”

ಎರಡನೆಯ ಸಲವೂ ಸಾಲನ್ನು ಕೊನೆಯವರೆಗೆ ಕೊಟ್ಟಳು. ಮತ್ತೆ ಯಾರೂ ಬಾಯಿ ತೆರೆಯಲಿಲ್ಲ. ಆಗಲೇ ಹೊಡೆದವನು ಅವಳ ಮೇಲೆ ಮತ್ತೆ ಕೈ ಎತ್ತಿದಾಗ ಒಂದು ಗಂಟಲು ಎದ್ದಿತು, ಒಡಕು, ಆದರೆ ರಾಗ ತಪ್ಪದ ಗಂಟಲು. ಹ್ಯಾಸ್ಕೆಲ್ ಕಣ್ಣು ಮುಚ್ಚಿಕೊಂಡು, ತನ್ನ ಹೆಸರನ್ನು ನಮ್ಮವರು ಎಳೆಯುವ ಹಾಗೆಯೇ ಉದ್ದಕ್ಕೆ ಎಳೆದು ಹಾಡುತ್ತಿದ್ದ.

ಅವನ ಜೊತೆ ಹಗ್ಗ ಹಿಡಿದಿದ್ದ ಮೂವರು ಒಬ್ಬೊಬ್ಬರಾಗಿ ಹಗ್ಗ ಬಿಟ್ಟು ಹಿಂದೆ ಸರಿದರು. ಹಾಡು ಮುಗಿದಾಗ ಗುಂಡಿಯ ಹತ್ತಿರ ಅವನೊಬ್ಬನೇ ಉಳಿದಿದ್ದ. ಸುತ್ತ ಹತ್ತು ಮಾರು ಖಾಲಿ ಜಾಗ.

ಕ್ಲೇಟನ್ ಕಲ್ಲುಗೋಡೆ ಇಳಿದು ಬಂದ. ದಾರಿ ಬಿಡಲು ಯಾರಿಗೂ ಹೇಳಬೇಕಾಗಲಿಲ್ಲ. ಪೆಟ್ಟಿಗೆಯನ್ನು ನೋಡಿದ, ಮುದುಕನನ್ನು ನೋಡಿದ. ಬಾಯಿತುಂಬ ಇದ್ದ ರಕ್ತವನ್ನು ಗುಂಡಿಯೊಳಕ್ಕೇ ಉಗುಳಿ, ಬಾಗಿ ಹಗ್ಗದ ಇನ್ನೊಂದು ತುದಿ ಎತ್ತಿಕೊಂಡ.

“ಇಳ್ಸೋ,” ಎಂದ.