ಮೇಸ್ತ್ರಿಯ ಗೆರೆ, ದುಪ್ಪಟಿಯಮ್ಮನ ಹಿಮ್ಮಡಿ

ಊರಿನ ಅರ್ಧ ಮನೆಗಳಿಗೆ ಕಪಾಟು, ಮೇಜು, ಬಾಗಿಲು ಮಾಡಿಕೊಟ್ಟ ಬಡಗಿ ಮೇಸ್ತ್ರಿಗೆ ತಮ್ಮ ಮನೆಯ ಒಂದು ಹಲಗೆಯನ್ನು ಮೊಳದಷ್ಟು ಕೆಳಗಿಳಿಸಲು ನಲವತ್ತು ವರ್ಷ ಬಿಡುವಾಗಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬಬೇಕು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತನ್ನು ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ. ಯಾವುದೋ ಬಡಗಿಯ ಹೆಂಡತಿಯನ್ನು ವಿಚಾರಿಸಿಯೇ ಕಟ್ಟಿರಬೇಕು.

ಆ ಹಲಗೆ ಇದ್ದದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ. ಕೋಣೆ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಅಡುಗೆಮನೆಯ ಹಿಂದೆ ಒಂದು ಕಿಟಕಿ, ಒಂದು ನಲ್ಲಿ, ಒಂದು ವಾಷಿಂಗ್ ಮಷೀನು. ಉಳಿದ ಜಾಗವನ್ನೆಲ್ಲ ಆಕ್ರಮಿಸಿದ್ದು ಮೇಸ್ತ್ರಿಯ ‘ಬೇಕಾಗುತ್ತೆ’. ಎರಡು ಮೆಟ್ಟಿಲು ಮುರಿದ ಏಣಿ, ಕನ್ನಡಿ ಒಡೆದ ಡ್ರೆಸ್ಸಿಂಗ್ ಟೇಬಲ್ಲು, ಯಾವುದೋ ಶಾಲೆಯವರು ಹೊರಗೆಸೆದ ಬೆಂಚು, ಮಗಳು ಮಗುವಾಗಿದ್ದಾಗ ಮಲಗುತ್ತಿದ್ದ ಮಂಚದ ಕಟಕಟೆ, ಒಂಟಿ ಕಿಟಕಿ ಬಾಗಿಲು. ಇದೆಲ್ಲ ಯಾಕೆ ಎಂದು ಕೇಳಿದರೆ ಒಂದೇ ಉತ್ತರ: “ಇರಲಿ ಬಿಡೇ, ಬೇಕಾಗುತ್ತೆ.” ಸಾಬೂನು ಪುಡಿ, ನೀಲಿ, ಕ್ಲಿಪ್ಪಿನ ಡಬ್ಬ ಮಾತ್ರ ಆ ಹಲಗೆಯ ಮೇಲೆ. ಆರಡಿ ಆಳು ಮೇಸ್ತ್ರಿ ಅದನ್ನು ತಮ್ಮ ಕೈಗೆ ಎಟುಕುವಂತೆ ಹೊಡೆದಿದ್ದರು. ಅವರೋ, ಹುಟ್ಟಿದಂದಿನಿಂದ ಒಂದು ಕರವಸ್ತ್ರ ಒಗೆದವರಲ್ಲ.

ಒಗೆಯುವವರು ಅವರ ಹೆಂಡತಿ. ಗಂಡನ ಎದೆಮಟ್ಟದ ಹೆಂಗಸು. ದುಪ್ಪಟಿಯಮ್ಮ ಎಂಬ ಹೆಸರು ಆಸ್ಪತ್ರೆಯವರು ಇಟ್ಟದ್ದು. ಅಲ್ಲಿನ ಬಟ್ಟೆ ವಿಭಾಗದಲ್ಲಿ ಮೂವತ್ತು ವರ್ಷ ಹಾಸಿಗೆಯ ದುಪ್ಪಟಿ ಮಡಿಚಿದವರು ಅವರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಹೆಸರೂ ಬಿಟ್ಟಿಲ್ಲ, ಕೈಯ ಗುಣವೂ ಬಿಟ್ಟಿಲ್ಲ. ಕಣ್ಣು ಮಸುಕಾಗಿದೆ, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ರುಚಿ ನೋಡಬೇಕು. ಆದರೆ ಅವರು ಮಡಿಚಿಟ್ಟ ಬಟ್ಟೆ ಇವತ್ತಿಗೂ ಗೆರೆ ಹೊಡೆದಂತೆ. ಇದನ್ನು ನನ್ನಷ್ಟು ಚೆನ್ನಾಗಿ ಇನ್ಯಾರೂ ಮಾಡಲಾರರು ಎಂದು ಎದೆ ತಟ್ಟಿ ಹೇಳಲು ಅವರ ಪಾಲಿಗೆ ಉಳಿದಿದ್ದದ್ದು ಇದೊಂದೇ.

ಹಲಗೆ ಮುಟ್ಟಲು ಸ್ಟೂಲು ಹತ್ತಬೇಕು. ನಲವತ್ತು ವರ್ಷ ಹತ್ತಿದರು. ಒಂದು ದಿನ ಸ್ಟೂಲು ಜಾರಿತು. ಬಿದ್ದ ದುಪ್ಪಟಿಯಮ್ಮ ಮೊದಲು ಮಾಡಿದ ಕೆಲಸವೆಂದರೆ, ಕೈಯಲ್ಲಿದ್ದ ಸಾಬೂನು ಪುಡಿ ಒಂದು ಚಿಟಿಕೆಯೂ ಚೆಲ್ಲಿಲ್ಲವೆಂದು ಗಂಡನಿಗೆ ತೋರಿಸಿದ್ದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಹಾಗೆ. ಮೀಸೆಯೇನೋ ಸರಿ, ಮಣಿಕಟ್ಟು ಮುರಿದಿತ್ತು.

ಮಗಳು ಮೂಳೆ ವಾರ್ಡಿನ ನರ್ಸು. ಅಯ್ಯೋ ಪಾಪ ಎನ್ನುವ ಜಾತಿಯಲ್ಲ. ಪ್ಲಾಸ್ಟರ್ ಹಾಕಿಸಿದವಳೇ ಸೊಂಟಕ್ಕೆ ಕೈಯಿಟ್ಟು ನಿಂತಳು. “ಅಮ್ಮಾ, ಇನ್ನೊಂದು ಸಲ ನೀನು ಏನಾದ್ರೂ ಹತ್ತಿದ್ದು ಗೊತ್ತಾಯ್ತೋ, ಮಷೀನು ನನ್ನ ಮನೆಗೆ, ಬಟ್ಟೆ ಲಾಂಡ್ರಿಗೆ. ಅವರೇ ಒಗೆದು ಅವರೇ ಮಡಿಚಿ ಕೊಡ್ತಾರೆ.”

“ಲಾಂಡ್ರಿಯವರು ಮಡಿಚೋದು ನೋಡಿದ್ದೀಯೇನೇ? ಮೈಲಿಗೆ ಬಟ್ಟೆ ಮುದುರಿ ಇಟ್ಟಂಗೆ ಇರುತ್ತೆ!”

“ಇದ್ರೆ ಇರ್ಲಿ. ಮುದುರಿದ ಬಟ್ಟೆ ಮೇಲು, ಮುರಿದ ಮೂಳೆಗಿಂತ. ಅಪ್ಪಾ, ನೀನೂ ಕೇಳಿಸ್ಕೋ.”

ಮೇಸ್ತ್ರಿ ಕೇಳಿಸಿಕೊಂಡರು. ಎಷ್ಟು ಕೇಳಿಸಿಕೊಂಡರೆಂದರೆ, ಅವತ್ತು ಊಟಕ್ಕೆ ಕೂತವರು ತುತ್ತು ಕಲಸಿ ಹಾಗೇ ಎದ್ದರು. ನಾಳೆ ಇಳಿಸ್ತೀನಿ, ನಾಳೆ ಇಳಿಸ್ತೀನಿ ಎಂದು ತಾವೇ ಹೇಳಿದ್ದ ಮಾತೇ ಅವತ್ತಿನ ಊಟವಾಗಿತ್ತು.

ಪ್ಲಾಸ್ಟರ್ ತೆಗೆಯುವವರೆಗೆ, ಅಂದರೆ ಆರು ವಾರ, ದುಪ್ಪಟಿಯಮ್ಮ ಮಗಳ ಮನೆಯಲ್ಲಿದ್ದರು. ದಿನಾ ಸಂಜೆ ಗಂಡನಿಗೆ ಫೋನು.

“ಏನ್ರೀ ಅದು ಸದ್ದು?”

“ಪಕ್ಕದ ಮನೇದು.”

“ಪಕ್ಕದ ಮನೆಯವರೂ ನಿಮ್ಮ ಹಾಗೇ ಕೆಮ್ಮಿಕೊಂಡು ಗರಗಸ ಎಳೀತಾರಾ?”

“ಈಗೆಲ್ಲ ಎಲ್ರಿಗೂ ಕೆಮ್ಮು ಕಣೇ,” ಎಂದು ಮೇಸ್ತ್ರಿ ಅಡ್ಡಗೋಡೆಯ ಮೇಲೆ ದೀಪವಿಟ್ಟು ಫೋನಿಟ್ಟರು.

ಮಗಳು ತಾಯಿಯನ್ನು ವಾಪಸು ಕರೆತಂದ ದಿನ ಮೇಸ್ತ್ರಿ ಗಡ್ಡ ಬೋಳಿಸಿ, ಒಗೆದ ಅಂಗಿ ತೊಟ್ಟು, ಆ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದರು. “ಅಂಗಡಿಗೆ ಕಾಲಿಟ್ಟಿಲ್ಲ. ಒಂದು ಮೊಳೇನೂ ಹೊಸದಲ್ಲ. ಎಲ್ಲಾ ಇಲ್ಲಿದ್ದದ್ದೇ. ಬೇಕಾಗುತ್ತೆ ಅಂದಿರಲಿಲ್ವಾ?” ಎಂದು ಬಾಗಿಲು ತಳ್ಳಿದರು.

ದುಪ್ಪಟಿಯಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ಡ್ರೆಸ್ಸಿಂಗ್ ಟೇಬಲ್ಲಿನ ಒಡೆದ ಕನ್ನಡಿ ಹೋಗಿ, ಬೆಂಚಿನ ಹಲಗೆ ಅದರ ನೆತ್ತಿಯ ಮೇಲೆ ಕೂತು, ಬೆಂಚಿನ ಕಾಲುಗಳೇ ಕೆಳಗೆ ಸೇರಿಕೊಂಡು, ಬಟ್ಟೆ ಮಡಿಚುವ ಉದ್ದನೆಯ ಮೇಜು ಆಗಿತ್ತು. ಒಂದು ಕಾಲದಲ್ಲಿ ಪೌಡರು, ಬಾಚಣಿಗೆ ಇಡುತ್ತಿದ್ದ ಖಾನೆಗಳಲ್ಲಿ ಈಗ ಕ್ಲಿಪ್ಪು, ಗುಂಡಿ, ಸೂಜಿದಾರ. ಏಣಿ ಅಡ್ಡ ಮಲಗಿ ಹಗ್ಗ, ರಾಟೆ ಕಟ್ಟಿಕೊಂಡು ಸೂರಿನಿಂದ ಇಳಿಬಿದ್ದಿತ್ತು. ಹಗ್ಗ ಬಿಟ್ಟರೆ ಕೆಳಗೆ, ಬಟ್ಟೆ ಹರವಿ ಎಳೆದರೆ ಮೇಲೆ. ಮಗುವಿನ ಮಂಚದ ಕಟಕಟೆ ಗೋಡೆ ಸೇರಿ ಕಾಲುಚೀಲಗಳ ಸಾಲಿಗೆ ಕಾದಿತ್ತು. ಒಂಟಿ ಕಿಟಕಿ ಬಾಗಿಲಿಗೆ ಕೀಲು ಬಿದ್ದು, ಬೇಕೆಂದಾಗ ಬಿಚ್ಚುವ ಇಸ್ತ್ರಿ ಹಲಗೆಯಾಗಿತ್ತು. ಮೇಜಿನ ಮೇಲ್ಗಡೆ ಕೊನೆಗೂ ಕೆಳಗಿಳಿದ ಆ ಹಲಗೆ, ಅದರ ಮೇಲೆ ಬಿಸ್ಕತ್ತಿನ ಡಬ್ಬಗಳಲ್ಲಿ ಸಾಬೂನು ಪುಡಿ, ನೀಲಿ.

“ಗೋಡೆಗೆ ಇದ್ಯಾವ ಬಣ್ಣ ಅಪ್ಪಾ?” ಎಂದಳು ಮಗಳು.

“ಮೂರು ಡಬ್ಬದಲ್ಲಿ ತಳ ಉಳಿದಿತ್ತು. ಬೆರೆಸಿದೆ.”

“ಅದಕ್ಕೇ. ಹೆಸರೇ ಇಲ್ಲದ ಬಣ್ಣ.”

“ನಿನಗೂ ಮೂರು ತಿಂಗಳು ಹೆಸರಿರಲಿಲ್ಲ ಕಣೇ, ಸಾಕಲಿಲ್ವಾ?” ಎಂದರು ಮೇಸ್ತ್ರಿ.

ನಕ್ಕು ನಕ್ಕು ದುಪ್ಪಟಿಯಮ್ಮನ ಕಣ್ಣು ಒದ್ದೆಯಾಯಿತು. ನಗುವೊಂದೇ ಕಾರಣವಲ್ಲ. ಆರು ವಾರ ಈ ಮನುಷ್ಯ ಒಬ್ಬನೇ ಬೆನ್ನು ಬಗ್ಗಿಸಿ ಮಾಡಿದ್ದನ್ನು ನೋಡಿ ಅವರಿಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು. ನೇರವಾಗಿ ಮೇಜಿನ ಮುಂದೆ ಹೋಗಿ ನಿಂತರು. ಮೇಜು ಪಕ್ಕೆಲುಬಿಗೆ ಬಂತು. ಮೊಣಕೈ ಆರಾಮವಾಗಿ ಆಡಬೇಕಾದಲ್ಲಿ ಭುಜ ಎತ್ತಬೇಕಾಯಿತು. ಕೈ ಚಾಚಿದರು. ಹಲಗೆಯ ಅಂಚು ಬೆರಳ ತುದಿಗೆ ತಾಗಿತು, ಡಬ್ಬ ತಾಗಲಿಲ್ಲ.

“ಹೇಗೆ?” ಮೇಸ್ತ್ರಿಯ ಮುಖ ಮೊರದಗಲ. “ಎಲ್ಲಾ ನಿನ್ನ ಅಳತೇದೇ. ಈ ಬಾಗಿಲ ಚೌಕಟ್ಟಿನಲ್ಲಿ ನಿನ್ನ ಗೆರೆ ಇತ್ತಲ್ಲ, ಅದನ್ನ ಅಳತೆ ಕಡ್ಡಿಗೆ ಇಳಿಸ್ಕೊಂಡೆ. ಆಳಿನ ಎತ್ತರ ಒಂದು ಗೊತ್ತಾದ್ರೆ ಮೊಣಕೈ ಎಲ್ಲಿಗೆ ಬರುತ್ತೆ, ಎತ್ತಿದ ಕೈ ಎಲ್ಲಿಗೆ ಬರುತ್ತೆ, ಕಣ್ಮುಚ್ಕೊಂಡು ಹೇಳ್ತೀನಿ ನಾನು.”

“ಬಹಳ ಚೆನ್ನಾಗಿದೆ ರೀ,” ಎಂದರು ದುಪ್ಪಟಿಯಮ್ಮ. ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಬೆನ್ನ ಹಿಂದೆ ಇಟ್ಟುಕೊಂಡರು.

ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿ ನೋಡಿಕೊಂಡವರ ಸ್ಥಿತಿ ಅವರದು. ಆ ಗೆರೆಯ ವಿಷಯ ಹೀಗೆ. ಈ ಮನೆಗೆ ಬಂದ ಹೊಸತರಲ್ಲಿ ಮೇಸ್ತ್ರಿ ಮನೆಮಂದಿಯನ್ನೆಲ್ಲ ಆ ಚೌಕಟ್ಟಿಗೆ ನಿಲ್ಲಿಸಿ, ತಲೆಯ ಮೇಲೆ ಕಡ್ಡಿಯಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು; ಕೊನೆಗೆ ತಮ್ಮದೂ ಒಂದು. ಮೇಸ್ತ್ರಿಯ ತಂಗಿ ತಾಳೆಮರದಂಥ ಹುಡುಗಿ. “ಕುಳ್ಳಿ ಅತ್ತಿಗೆಗೆ ಗೆರೆ ಎಳೆಯೋಕೆ ನೆಲದಲ್ಲೇ ಕೂತ್ಕೊಳ್ಳಣ್ಣ,” ಎಂದಿದ್ದಳು. ಹೊಸ ಸೊಸೆಗೆ ಮೈ ಉರಿಯಿತು. ಪಾದ ಮುಚ್ಚುವಂತೆ ಸೀರೆ ಉಟ್ಟಿದ್ದು ಅನುಕೂಲವಾಯಿತು. ಒಳಗೊಳಗೇ ಹಿಮ್ಮಡಿ ಎತ್ತಿದರು. ನಾದಿನಿಯ ಬಾಯಿ ಮುಚ್ಚಿತು. ಗೆರೆ ಹಾಗೇ ಉಳಿಯಿತು. ಯಾರಿಗೂ ಹೇಳಲಿಲ್ಲ, ನಲವತ್ತು ವರ್ಷ.

ಈಗ ಬಾಯಿ ಬಿಟ್ಟರೆ ನಲವತ್ತು ವರ್ಷದ ಕಳ್ಳತನ ಬಯಲು, ಮೇಲೆ ಮೇಸ್ತ್ರಿಯ ಮುಖ ಸಣ್ಣದಾಗುವುದನ್ನು ನೋಡಬೇಕು. ಬಾಯಿ ಬಿಡದಿದ್ದರೆ ಮತ್ತೆ ಏನಾದರೂ ಹತ್ತಬೇಕು. ಹತ್ತಿದ್ದು ಮಗಳಿಗೆ ಗೊತ್ತಾದರೆ ಮಷೀನೂ ಹೋಯಿತು, ಮಡಿಚುವ ಕೆಲಸವೂ ಹೋಯಿತು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮೊದಲ ದಿನ ಮೇಸ್ತ್ರಿಯ ದಪ್ಪ ಅಟ್ಟೆಯ ಚಪ್ಪಲಿ ಮೆಟ್ಟಿಕೊಂಡು ನೋಡಿದರು. ಸಾಲಲಿಲ್ಲ. ಎರಡನೆಯ ದಿನ ಡಬ್ಬಗಳನ್ನೆಲ್ಲ ಸೌಟಿನಿಂದ ಎಳೆದು ಇಳಿಸಿಕೊಂಡರು. ಮಧ್ಯಾಹ್ನ ಬಂದ ಮೇಸ್ತ್ರಿ, “ಅಯ್ಯೋ, ಮರೆತು ಕೆಳಗೇ ಬಿಟ್ಟಿದ್ದೀಯಲ್ಲ,” ಎಂದು ಪ್ರೀತಿಯಿಂದ ಎಲ್ಲವನ್ನೂ ಮೇಲಿಟ್ಟು ಹೋದರು. ಕೆಲವು ಪ್ರೀತಿಗೆ ಎರಡು ಕೊಡಬೇಕು ಅನ್ನಿಸುತ್ತದೆ. ಮಡಿಚುವುದಂತೂ ಇನ್ನೂ ಕಷ್ಟ. ಭುಜ ಎತ್ತಿ ಎತ್ತಿ, ಈಗತಾನೇ ಕೂಡಿದ್ದ ಮಣಿಕಟ್ಟು ಸೆಳೆಯತೊಡಗಿತು. ಮೂರನೆಯ ದಿನದ ದುಪ್ಪಟಿಯ ಮೂಲೆಗೆ ಮೂಲೆ ಕೂಡಲೇ ಇಲ್ಲ. ಅದನ್ನು ನೋಡಿ ಅವರಿಗೆ ಅಳುವೇ ಬಂತು.

ಶನಿವಾರ ಬೆಳಿಗ್ಗೆ ಬಕೆಟ್ಟನ್ನು ಬೋರಲು ಹಾಕಿ ಹತ್ತಿದರು. ಪ್ಲಾಸ್ಟಿಕ್ಕು ಕಿರ್ ಎಂದಿತು. ಒಂದು ಕೈಯಲ್ಲಿ ಹಲಗೆಯ ಅಂಚು, ಇನ್ನೊಂದರಲ್ಲಿ ಡಬ್ಬ. ಬಾಗಿಲಲ್ಲಿ ಕೆಮ್ಮು ಕೇಳಿಸಿತು.

“ಇಳಿಯೇ ಕೆಳಗೆ!”

ಮೇಸ್ತ್ರಿ ಓಡಿ ಬಂದು ಸೊಂಟ ಹಿಡಿದು ಇಳಿಸಿದರು. “ನಾನು ಇಷ್ಟೆಲ್ಲಾ ಮಾಡಿದ್ದು ನೀನು ಬಕೆಟ್ ಹತ್ತಲಿ ಅಂತಾನಾ? ನಾಳೆ ಮಗಳು ಬಂದ್ರೆ ಏನ್ ಹೇಳ್ಲಿ ನಾನು? ಏನ್ ಕೊರತೆ ಆಗಿತ್ತು ಹೇಳು!”

“ಎತ್ತರ ಜಾಸ್ತಿ ಆಯ್ತು,” ಎಂದರು ದುಪ್ಪಟಿಯಮ್ಮ ನೆಲ ನೋಡಿಕೊಂಡು.

“ಸಾಧ್ಯವೇ ಇಲ್ಲ. ನಿನ್ನ ಗೆರೆ—”

“ಆ ಗೆರೆ ಸುಳ್ಳು ಕಣ್ರೀ! ನಿಮ್ಮ ತಂಗಿ ಕುಳ್ಳಿ ಅಂದ್ಲು ಅಂತ ಅವತ್ತು ಹಿಮ್ಮಡಿ ಎತ್ತಿದ್ದೆ. ಸಾಕಾ? ಹೋಗಿ ಊರಿಗೆಲ್ಲ ಡಂಗುರ ಹೊಡೀರಿ.”

ಮೇಸ್ತ್ರಿ ನಗತೊಡಗಿದರು. ಕೆಮ್ಮು ಬರುವಷ್ಟು ನಕ್ಕರು. “ಗೊತ್ತಿತ್ತು ಕಣೇ! ಗೆರೆ ಎಳೆದವನು ನಾನು. ನಿನ್ನ ಕತ್ತಿನ ನರ ಉಬ್ಬಿತ್ತು, ಮೈಯೆಲ್ಲ ಗಡಗಡ. ಬಡಗಿ ಕಣ್ಣಿಗೆ ಎರಡು ಬೆರಳು ತಪ್ಪುತ್ತಾ? ಆ ಎರಡು ಬೆರಳು ಕಳೆದೇ ಕಡ್ಡಿಗೆ ಗುರುತು ಹಾಕಿದ್ದು.”

“ಗೊತ್ತಿತ್ತಾ?” ದುಪ್ಪಟಿಯಮ್ಮನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. “ನಲವತ್ತು ವರ್ಷ ಹೇಳಲಿಲ್ವಲ್ಲ!”

“ನೀನೂ ಹೇಳಲಿಲ್ಲ.”

“ಹಾಗಾದ್ರೆ ಕಳೆದಿದ್ದೀರಿ ಅಂತೀರಲ್ಲ, ಮತ್ಯಾಕೆ ಎಟುಕಲ್ಲ?”

ಮೇಸ್ತ್ರಿಯ ನಗು ನಿಂತಿತು. “ನಿಂತ್ಕೋ,” ಎಂದರು. ದುಪ್ಪಟಿಯಮ್ಮ ಚಪ್ಪಲಿ ಬಿಟ್ಟು ಚೌಕಟ್ಟಿಗೆ ಬೆನ್ನು ಕೊಟ್ಟು, ಈ ಸಲ ಪ್ರಾಮಾಣಿಕವಾಗಿ, ಹಿಮ್ಮಡಿ ನೆಲಕ್ಕೆ ಒತ್ತಿ ನಿಂತರು. ತಲೆಯ ಮೇಲೆ ಕಡ್ಡಿ ಕೂತಿತು. ಪೆನ್ಸಿಲು ಸರ್ ಎಂದಿತು. ತಿರುಗಿ ನೋಡಿದರೆ, ಹಳೆಯ ಗೆರೆಯಿಂದ ಎರಡು ಬೆರಳು ಕಳೆದರೂ ಹೊಸ ಗೆರೆ ಇನ್ನೂ ಮೂರು ಬೆರಳು ಕೆಳಗಿತ್ತು.

“ನಿಮ್ಮ ಕಡ್ಡಿ ಸೊಟ್ಟ,” ಎಂದರು ದುಪ್ಪಟಿಯಮ್ಮ.

ಮೇಸ್ತ್ರಿ ಹೊಸ ಗೆರೆಯ ಮೇಲೆ ಹೆಬ್ಬೆರಳಿಟ್ಟುಕೊಂಡು ನಿಂತಿದ್ದರು. ದಿನಾ ಎದುರೆದುರು ಕೂತು ಕಾಫಿ ಕುಡಿದಿದ್ದಾರೆ, ಜಗಳ ಆಡಿದ್ದಾರೆ. ಇವಳು ಮೂರು ಬೆರಳು ಕರಗಿದ್ದು ಯಾವಾಗ? ಆ ಮುಖ ನೋಡಲಾರದೆ ದುಪ್ಪಟಿಯಮ್ಮ ಅವರ ತೋಳು ಹಿಡಿದೆಳೆದರು. “ನನ್ನೊಬ್ಬಳದ್ದೇನು ನೋಡ್ತೀರಿ? ಬನ್ನಿ, ನೀವೂ ನಿಂತ್ಕೊಳ್ಳಿ ಆರಡಿ ಸಾಹೇಬ್ರು.” ಮೇಸ್ತ್ರಿ ನಿಂತರು. ತಲೆಗೆ ಕಡ್ಡಿಯಿಡಲು ದುಪ್ಪಟಿಯಮ್ಮನಿಗೆ ಎಟುಕಲಿಲ್ಲ; ಮೇಸ್ತ್ರಿ ತಾವೇ ತಲೆಯ ಮೇಲೆ ಕೈಯಿಟ್ಟು ಗುರುತು ಹಿಡಿದು ತಿರುಗಿದರು. ತಮ್ಮ ಹಳೆಯ ಗೆರೆಗಿಂತ ನಾಲ್ಕು ಬೆರಳು ಕೆಳಗೆ.

“ನಿಮ್ಮದು ಜಾಸ್ತಿ!” ಎಂದು ದುಪ್ಪಟಿಯಮ್ಮ ಚಪ್ಪಾಳೆ ತಟ್ಟಿದರು. ತಟ್ಟಿದ ಕೈಯಲ್ಲೇ ಅವರ ಅಂಗಿಯ ಕಾಲರು ಸರಿಮಾಡಿದರು.

ಮೇಸ್ತ್ರಿ ಗರಗಸ ತಂದು ಮೇಜನ್ನು ಪಕ್ಕಕ್ಕೆ ಮಲಗಿಸಿದರು. “ಕಾಲು ಮೂರು ಬೆರಳು ಕೊಯ್ತೀನಿ. ಹಲಗೆ ಆಮೇಲೆ ಇಳಿಸ್ತೀನಿ.”

“ನಾಳೆನಾ?”

“ಇವತ್ತು ಕಣೇ, ಮಾರಾಯ್ತಿ! ಇವತ್ತೇ.”

“ಇರಿ,” ಎಂದರು ದುಪ್ಪಟಿಯಮ್ಮ. “ಐದು ಬೆರಳು ಕೊಯ್ರಿ.”

“ಐದು ಕೊಯ್ದ್ರೆ ಈಗ ತಗ್ಗಾಗುತ್ತೆ. ಬಗ್ಗಿ ಮಡಿಚಬೇಕಾಗುತ್ತೆ.”

“ಸ್ವಲ್ಪ ವರ್ಷ ಬಗ್ತೀನಿ. ಇಷ್ಟು ವರ್ಷ ಹತ್ತಿಲ್ವಾ? ಆಮೇಲೆ ನಾನೇ ಅದರ ಮಟ್ಟಕ್ಕೆ ಬರ್ತೀನಿ. ಆಗ ಕೊಯ್ಯೋಕೆ ನೀವು ಇರ್ತೀರೋ ಇಲ್ವೋ.”

ಹೇಳಿದ್ದು ತಮಾಷೆಗೇ. ಹೇಳಿದ ಮೇಲೆ ಇಬ್ಬರಿಗೂ ಅದು ತಮಾಷೆಯಾಗಿ ಕೇಳಿಸಲಿಲ್ಲ. ಮೇಸ್ತ್ರಿ ಪೆನ್ಸಿಲಿನ ಮೊನೆ ಹೆರೆದು ಮೇಜಿನ ಕಾಲಿಗೆ ಗುರುತು ಹಾಕಿದರು.

“ಮೂರೇ ಕೊಯ್ತೀನಿ,” ಎಂದರು. “ಇನ್ನೆರಡು ಬೆರಳಿಗೆ ನಾನು ಇರ್ತೀನಿ.”

ದುಪ್ಪಟಿಯಮ್ಮ, ಗರಗಸ ಆಡುವಾಗ ಮೇಜು ಅಲುಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದು, ನೆಲದ ಮೇಲೆ ಕೂತರು.